ಎಂಟು ಸೌಟು

ಚರಂಡಿ ನೀರು ಶುದ್ಧೀಕರಿಸುವ ಘಟಕದಲ್ಲಿ ಅವಳನ್ನು ಎಲ್ಲರೂ ಸೌಟಕ್ಕ ಎನ್ನುತ್ತಿದ್ದರು. ಮೂರು ತಿಂಗಳಿಗೊಮ್ಮೆ ಒಣಗಿದ ಕೆಸರನ್ನು ಉದ್ದ ಹಿಡಿಯ ಸೌಟಿನಿಂದ ತೋಡಿ, ಬಕೆಟ್ಟಿನಲ್ಲಿ ಕಲಸಿ, ಡಬ್ಬಿಗೆ ತುಂಬಿ ಪರೀಕ್ಷೆಗೆ ಕಳಿಸುವುದು ಅವಳ ಕೆಲಸ. ಅಂಗಳದಲ್ಲಿ ಕೆಸರು ಒಣಗಿಸುವ ಎಂಟು ಹಾಸುಗಳಿದ್ದವು. ಕೆಲಸಕ್ಕೆ ಸೇರಿದ ದಿನ ಮ್ಯಾನೇಜರ್ ತಾನೇ ನಿಂತು ಹೇಳಿಕೊಟ್ಟಿದ್ದ: "ಎಂಟು ಸೌಟು ಹಾಕು, ಚೆನ್ನಾಗಿ ಕಲಸು, ಚೀಟೀಲಿ 'ಮಿಶ್ರ' ಅಂತ ಬರಿ." ಹಾಸಿಗೊಂದರಂತೆ ತೋಡಬೇಕಾದ ಎಂಟೂ ಸೌಟನ್ನು ಅವನು ತೋಡಿದ್ದು ಗೇಟಿನ ಪಕ್ಕದ ಒಂದನೇ ಹಾಸಿನಿಂದಲೇ. ಆರು ವರ್ಷ ಅವಳೂ ಹಾಗೇ ತೋಡಿದಳು. ಕಲಸಿದ್ದೆಲ್ಲ ಮಿಶ್ರವೇ ಎಂದುಕೊಂಡಿದ್ದಳು. ಪರೀಕ್ಷೆ ಪ್ರತಿಸಲ ಪಾಸಾಗುತ್ತಿತ್ತು. ಎಂಟೂ ಹಾಸಿನ ಕೆಸರು ಗೊಬ್ಬರವೆಂದು ತೋಟಗಳಿಗೆ ಪುಕ್ಕಟೆ ಹೋಗುತ್ತಿತ್ತು.

ತನ್ನ ಅಕ್ಕನ ಸೊಪ್ಪಿನ ತೋಟಕ್ಕೆ ಅದನ್ನು ಹಾಕಿಸಿದವಳೂ ಅವಳೇ. ಈಗ ಅಕ್ಕ ಗೋಡೆ ಹಿಡಿದು ನಡೆಯುತ್ತಾಳೆ. ಮೂತ್ರಪಿಂಡ ಅರ್ಧ ಹೋಗಿದೆ, ಮೂಳೆ ಮುಟ್ಟಿದರೆ ನೋವು. ಡಾಕ್ಟರು ರಕ್ತದ ವರದಿ ನೋಡಿ, "ಕ್ಯಾಡ್ಮಿಯಂ ವಿಪರೀತ ಇದೆ. ಬ್ಯಾಟರಿ ಕಾರ್ಖಾನೇಲಿ ಏನಾದ್ರೂ ಕೆಲಸ ಮಾಡಿದ್ರಾ?" ಎಂದು ಕೇಳಿದ್ದರು.

"ನಾನು ಪಾಲಕ್ ಬಿಟ್ರೆ ಇನ್ನೇನೂ ಕಂಡವಳಲ್ಲ," ಅಂದಿದ್ದಳು ಅಕ್ಕ.

ಮರುವಾರ ಮ್ಯಾನೇಜರ್ ಕರೆದ. "ಸೌಟಕ್ಕ, ನಮ್ಮನೆ ಟೊಮೆಟೊ ಗಿಡಕ್ಕೆ ಒಂದು ಚೀಲ ಗೊಬ್ಬರ ಇಟ್ಟು ಬಾ. ಒಂದನೇ ಹಾಸಿಂದು."

"ಎಲ್ಲಾ ಹಾಸೂ ಒಂದೇ ಅಲ್ವಾ ಸಾರ್?"

"ಒಂದೇ. ಆದ್ರೂ ಒಂದನೇದೇ ತುಂಬು. ಆ ಕೊನೆ ಕಡೆ ಹೋಗ್ಬೇಡ."

ಕೊನೆಯ ಹಾಸುಗಳಿಗೆ ಬರುವುದು ಲೋಹಕ್ಕೆ ಲೇಪ ಹಾಕುವ ಕಾರ್ಖಾನೆಗಳ ಕೊಳವೆ. ಅದು ಅವಳಿಗೆ ಗೊತ್ತಿತ್ತು. ಆ ನೀರಲ್ಲಿ ಕ್ಯಾಡ್ಮಿಯಂ ಬರುವುದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು ಎಂಬುದು ಈಗ ಗೊತ್ತಾಯಿತು.

ಅವಳು ಏಳನೇ ಹಾಸಿಗೆ ಹೋಗಿ ಚೀಲ ತುಂಬಿದಳು. ಬಾಯಿ ಹೊಲಿದಳು. ಅವನ ಮನೆಯವರೂ ಗೋಡೆ ಹಿಡಿದು ನಡೆಯಲಿ ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ನಾಚಿಕೆಯೂ ಆಗಲಿಲ್ಲ.

ಬಾಗಿಲು ತೆರೆದದ್ದು ಮ್ಯಾನೇಜರನ ಮಗಳು, ಏಳು ತಿಂಗಳ ಬಸುರಿ. "ಒಳಗೆ ಬನ್ನಿ ಅಕ್ಕ, ನೀರು ಕುಡೀರಿ. ಟೊಮೆಟೊ ಟೊಮೆಟೊ ಅಂತ ತಲೆ ತಿಂತೀನಿ ಅಂತ ಅಪ್ಪ ಗಿಡಾನೇ ಹಾಕ್ಬಿಟ್ಟಿದಾರೆ."

ಸೌಟಕ್ಕ ನೀರು ಕುಡಿದಳು. "ಚೀಲ ಬದಲಾಗಿದೆಯಮ್ಮ," ಎಂದು ಅದನ್ನು ಮತ್ತೆ ಗಾಡಿಗೆ ಎತ್ತಿಹಾಕಿದಳು. ಸಿಟ್ಟು ಇಳಿದಿರಲಿಲ್ಲ. ತಪ್ಪು ವಿಳಾಸಕ್ಕೆ ಬಂದಿತ್ತು, ಅಷ್ಟೇ.

ಮರುದಿನ ಡಬ್ಬಿ ಒಯ್ಯಲು ಪರೀಕ್ಷಾಲಯದವನು ಬಂದ. ಅವಳು ಚೀಟಿಯನ್ನು ಸಹಿಗೆ ಮ್ಯಾನೇಜರನ ಮುಂದಿಟ್ಟಳು.

"ಏಳನೇ ಹಾಸು? 'ಮಿಶ್ರ' ಅಂತ ಇರ್ಬೇಕಲ್ಲ."

"ಎಂಟು ಸೌಟು ಹಾಕಿ ಕಲಸಿದೀನಿ ಸಾರ್, ನೀವು ಹೇಳ್ಕೊಟ್ಟ ಹಾಗೇ. ಹಾಸು ಮಾತ್ರ ಬೇರೆ."

ಅವನು ದನಿ ತಗ್ಗಿಸಿದ. "ನೋಡು, ಕ್ರಿಮಿ ಸಾಯಿಸ್ಬಹುದು, ವಾಸನೆ ತೆಗೀಬಹುದು. ಲೋಹ ಏನು ಮಾಡಿದ್ರೂ ಹೋಗಲ್ಲ. ಇದು ಫೇಲಾದ್ರೆ ಗೊಬ್ಬರದ ಗಾಡಿ ನಿಲ್ಲುತ್ತೆ, ಘಟಕಕ್ಕೆ ಬೀಗ ಬೀಳುತ್ತೆ, ನಲವತ್ತು ಜನರ ಕೆಲಸ ಹೋಗುತ್ತೆ. ಕೆಸರು ಎಲ್ಲಿ ಸುರೀಲಿ ಹೇಳು?"

"ನಮ್ಮಕ್ಕನ ತೋಟಕ್ಕೆ ಸುರಿಯೋ ಮುಂಚೆ ಕೇಳ್ಬೇಕಿತ್ತು ಅದನ್ನ."

"ಆರು ವರ್ಷದ ಚೀಟಿ ಬರೆದೋಳು ನೀನೇ. ನೆನಪಿರ್ಲಿ."

"ನೆನಪಿದೆ. ಸಿಕ್ಕಿಬಿದ್ರೆ ಇಬ್ರೂ ಬೀಳೋಣ."

ಹೊರಗಿನಿಂದ ಚೀಲ ಎಳೆತಂದು ಅವನ ಕಾಲ ಬಳಿ ನಿಲ್ಲಿಸಿ, ಬಾಯಿಯ ಹೊಲಿಗೆ ಬಿಚ್ಚಿದಳು. "ಇದು ಏಳನೇದು. ನಿನ್ನೆ ನಿಮ್ಮನೆ ಬಾಗಿಲವರೆಗೂ ಹೋಗಿತ್ತು. ಮಗಳು ನೀರು ಕೊಟ್ರು, ವಾಪಸ್ ತಂದೆ. ಚೀಟಿಗೆ ಸಹಿ ಹಾಕಿ. ಇಲ್ಲಾಂದ್ರೆ ಸಂಜೆ ನೀವೇ ಹೊತ್ಕೊಂಡು ಹೋಗಿ ಟೊಮೆಟೊಗೆ ಹಾಕಿ."

ಮ್ಯಾನೇಜರ್ ಕುರ್ಚಿಯನ್ನು ಚೀಲದಿಂದ ಹಿಂದಕ್ಕೆ ಸರಿಸಿಕೊಂಡ. ಪರೀಕ್ಷಾಲಯದವನು ಚೀಲವನ್ನು ನೋಡಿದ, ಕುರ್ಚಿಯನ್ನು ನೋಡಿದ, ಆಮೇಲೆ ಡಬ್ಬಿಯ ಮುಚ್ಚಳವನ್ನು ಇನ್ನೊಂದು ಸುತ್ತು ಬಿಗಿಮಾಡಿದ.

ಸಹಿ ಬಿತ್ತು.

ಪರೀಕ್ಷಾಲಯದವನು ಹೊರಡಲು ಎದ್ದ. ಸೌಟಕ್ಕ ಖಾಲಿ ಚೀಟಿಗಳ ಕಟ್ಟನ್ನು ಮೇಜಿನಿಂದ ಎತ್ತಿಕೊಂಡಳು.

"ಕೂತ್ಕೊಳ್ಳಿ ಅಣ್ಣ," ಎಂದಳು. "ಇನ್ನೂ ಏಳು ಹಾಸು ಬಾಕಿ ಇದೆ."