ಗುಡಾಣ ಉಕ್ಕುವ ತನಕ

"ಜೋಳ ನೆನೆಹಾಕು," ಅಂದಳು ಕಸಿಮಿರಾ, ಹಾಸಿಗೆಯಿಂದಲೇ.

ಗಂಡ ಸೆನೋಬಿಯೊ ಕೇಳಿಸದವನಂತೆ ಒಲೆಗೆ ಸೌದೆ ಒಟ್ಟುತ್ತಿದ್ದ. ಅವಳನ್ನು ಮನೆಗೆ ಕರೆದುಕೊಂಡು ಹೋಗೆಂದು ಪಟ್ಟಣದ ವೈದ್ಯರು ಹೇಳಿ ವಾರವಾಗಿತ್ತು. ಹೊಟ್ಟೆಯ ಗಡ್ಡೆಗೆ ಇನ್ನು ಮದ್ದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

"ಕಿವಿಗೆ ಮಣ್ಣು ಮೆತ್ಕೊಂಡಿದೀಯಾ? ಜೋಳ ನೆನೆಹಾಕು ಅಂದೆ."

"ಯಾರು ಕುಡಿಯೋಕೆ?"

"ನನ್ನ ಬಟ್ಟೆ ಒಗೆಯೋಕೆ ಬರ್ತಾರಲ್ಲ, ಅವರು."

ಆ ಕಣಿವೆಯಲ್ಲಿ ಯಾರಾದರೂ ಸತ್ತರೆ ಐದನೆಯ ದಿನ ನೆಂಟರು, ನೆರೆಯವರು ಸೇರಿ ಸತ್ತವರ ಬಟ್ಟೆಬರೆಯನ್ನು ಹೊಳೆಗೆ ಒಯ್ದು ಒಗೆಯುತ್ತಾರೆ. ಒಗೆದವರಿಗೆ ಚಿಚಾ ಎಂಬ ಜೋಳದ ಹೆಂಡ ಕೊಡಬೇಕು, ಅದೂ ಆ ಮನೆಯಲ್ಲೇ ಮಾಡಿದ್ದು. ಕಸಿಮಿರಾ ಬಾಗಿಲ ಮುಂದೆ ಕೋಲು ನೆಟ್ಟು, ಮಾರಾಟದ ಗುರುತಿಗೆ ಅದಕ್ಕೆ ಕೆಂಪು ಬಟ್ಟೆ ಕಟ್ಟಿ, ಮೂವತ್ತು ವರ್ಷ ಚಿಚಾ ಮಾರಿದವಳು. ತನ್ನ ಬಟ್ಟೆ ಒಗೆದವರು ಅಂಗಡಿಯ ಸೀಸೆ ಬಿಯರ್ ಕುಡಿದು ಹೋಗುವುದೆಂದರೆ ಅವಳಿಗೆ ಸಾವಿಗಿಂತ ದೊಡ್ಡ ಅವಮಾನ. ಮಕ್ಕಳಿಲ್ಲ. ಚಿಚಾ ಗುಡಾಣವನ್ನು ಗಂಡಸರು ಮುಟ್ಟುವ ಪದ್ಧತಿ ಅಲ್ಲಿಲ್ಲ, ಆದರೆ ಉಳಿದವನು ಅವನೊಬ್ಬನೇ.

ಹೀಗೆ, ಹಸಿ ಇಟ್ಟಿಗೆ ಹೊಯ್ದು ಗೋಡೆ ಕಟ್ಟುತ್ತಲೇ ಮುದುಕನಾದವನು ಅರವತ್ತೆರಡನೇ ವಯಸ್ಸಿಗೆ ಹೊಸ ವಿದ್ಯೆ ಕಲಿಯಲು ಕೂತ. ನೆನೆದ ಜೋಳವನ್ನು ಹುಲ್ಲಿನ ಮೇಲೆ ಹರಡಿ, ಮೇಲೊಂದು ಪದರ ಹುಲ್ಲು ಹೊದಿಸಿ, ದಿನಕ್ಕೆರಡು ಸಲ ನೀರು ಚಿಮುಕಿಸಬೇಕು. ಮೊಳಕೆ ಕಾಳಿನಷ್ಟೇ ಉದ್ದ ಬಂದ ದಿನ ಬಿಸಿಲಿಗೆ ಹಾಕಬೇಕು. ಬಿಟ್ಟರೆ ಕಹಿಯಾಗುತ್ತದೆ. ಅವಳು ಇದನ್ನು ನೂರು ಸಲ ಹೇಳಿದಳು.

ಏಳನೆಯ ದಿನ ಅವನು ಹುಲ್ಲು ಎತ್ತಿ ನೋಡಿದ. ಮೊಳಕೆ ಕಾಳಿನಷ್ಟೇ ಉದ್ದ ಬಂದಿತ್ತು. ಒಂದು ಗಳಿಗೆ ನಿಂತು ನೋಡಿ, ಮತ್ತೆ ಹುಲ್ಲು ಮುಚ್ಚಿ ನಡೆದುಬಿಟ್ಟ.

ಚಿಚಾ ಆಗುವವರೆಗೆ ಇವಳು ಸಾಯುವುದಿಲ್ಲ ಎಂಬ ಯೋಚನೆ ಅವನ ತಲೆಗೆ ಹೊಕ್ಕಿತ್ತು. ಹೆಂಡತಿಯ ಹಟ ಅವನಿಗೆ ಗೊತ್ತಿಲ್ಲದ್ದೇ? ಕೈಗೆತ್ತಿಕೊಂಡ ಕೆಲಸ ಮುಗಿಸದೆ ಊಟಕ್ಕೂ ಎದ್ದವಳಲ್ಲ.

ನಾಲ್ಕು ದಿನ ಬಿಟ್ಟು ಒಂದು ಹಿಡಿ ತಂದುಕೊಟ್ಟ. ಅವಳು ಕಡಿದು ಉಗುಳಿದಳು.

"ಥೂ, ವಿಷ! ಗಂಡಸ್ರ ಕೈಗೆ ಕೊಟ್ರೆ ಇಷ್ಟೇ."

"ಇನ್ನೊಂದ್ಸಲ ಹಾಕ್ತೀನಿ ಬಿಡು," ಅಂದ. ಒಳಗೊಳಗೇ ಹಿರಿಹಿರಿ ಹಿಗ್ಗಿದ.

ಎರಡನೆಯ ಸಲ ಅವಳು ಬಿಡಲಿಲ್ಲ. ದಿನಕ್ಕೊಂದು ಕಾಳು ತರಿಸಿ ಕಣ್ಣಾರೆ ನೋಡಿದಳು. ಜೋಳ ಹದವಾಗಿಯೇ ಮೊಳೆಯಿತು, ಒಣಗಿತು. ಬೀಸಿದ ಹಿಟ್ಟಿನಲ್ಲಿ ಅರ್ಧವನ್ನು ಅರ್ಧ ದಿನ ಕುದಿಸಿ ಹುಲ್ಲಿನಲ್ಲಿ ಸೋಸಿದ್ದಾಯಿತು. ಇನ್ನು ಗುಡಾಣಕ್ಕೆ ಹೊಯ್ಯುವುದೊಂದೇ ಬಾಕಿ. ಆಗ ಅವನು ಗುಡಾಣವನ್ನು ಹೊಳೆಗೆ ಹೊತ್ತೊಯ್ದು, ಸೋಪಿನ ಪುಡಿ ಹಾಕಿ ಗಸಗಸ ಉಜ್ಜಿ ತಂದ.

ಅಲ್ಲಿ ಲಂಗ ತೊಡುವ ಹುಡುಗಿಗೂ ಗೊತ್ತು, ಚಿಚಾ ಗುಡಾಣವನ್ನು ಹಾಗೆ ತೊಳೆಯಬಾರದು. ಹಾಲಿಗೆ ಹೆಪ್ಪು ಹೇಗೋ ಹಾಗೆ, ಗುಡಾಣದ ತಳದಲ್ಲಿ ಅಂಟಿದ ಹಳೆಯ ಗಸಿಯೇ ಹೊಸ ಚಿಚಾ ಉಕ್ಕಿಸುವುದು. ಮೂರು ದಿನ ಕಳೆದರೂ ಗುಡಾಣ ಉಸಿರೆತ್ತಲಿಲ್ಲ. ಒಳಗೆ ಸಿಹಿ ಗಂಜಿ ತಣ್ಣಗೆ ಕೂತಿತ್ತು.

ಕಸಿಮಿರಾ ಗುಡಾಣವನ್ನು ಹತ್ತಿರ ತರಿಸಿ ಮೂಸಿದಳು. ಬೈಯಲಿಲ್ಲ. ಅದಕ್ಕೇ ಅವನಿಗೆ ಹೆದರಿಕೆಯಾಯಿತು.

"ಗೊತ್ತಿಲ್ದೆ ತೊಳೆದೆ," ಅಂದ.

"ಸುಳ್ಳು ಹೇಳ್ಬೇಡ. ಮಣ್ಣು ಮುಟ್ಟಿ ಹದ ಹೇಳೋನು ನೀನು. ಮೊಳಕೆ ಉದ್ದ ಗೊತ್ತಾಗ್ಲಿಲ್ಲ, ಸೋಪು ಹಾಕ್ಬಾರ್ದು ಅಂತಾನೂ ಗೊತ್ತಾಗ್ಲಿಲ್ವಾ?" ಅವಳು ಉಸಿರಿಗಾಗಿ ನಿಂತಳು. "ನಾನು ಕಾಯ್ತಾ ಇದೀನಿ ಕಣೋ. ನೋವಿಗೆ ಕೂಗಿದ್ರೆ ನಿಂಗೆ ಎಚ್ಚರ ಆಗತ್ತೆ ಅಂತ ಬಾಯಿಗೆ ಶಾಲು ತುರುಕ್ಕೊಂಡು ಬಿದ್ದಿರ್ತೀನಿ. ಇನ್ನೆಷ್ಟು ಸಲ ಕೆಡಿಸ್ತೀಯ, ಹೇಳು?"

ಅವನು ಶಾಲನ್ನು ನೋಡಿದ. ಅಂಚೆಲ್ಲ ಹಲ್ಲಿನಿಂದ ಹರಿದಿತ್ತು. ತಾನು ಉಳಿಸಿಕೊಂಡದ್ದು ಅವಳ ಜೀವವನ್ನಲ್ಲ, ಬರೀ ನೋವನ್ನು ಎಂದು ಅವನಿಗೆ ಆಗ ತಿಳಿಯಿತು. ನಾಚಿಕೆಯಿಂದ ಕುಗ್ಗಿಹೋದ.

ಮರುದಿನ ಬೆಳಗ್ಗೆ ಅಸುಂತಾಳ ಮನೆಗೆ ಹೋದ. ಅವಳೂ ಚಿಚಾ ಮಾರುವವಳು. ಕಸಿಮಿರಾ ಚಿಚಾಕ್ಕೆ ಸಕ್ಕರೆ ಬೆರೆಸುತ್ತಾಳೆಂದು ಅವಳು ಸುದ್ದಿ ಹಬ್ಬಿಸಿದ ಮೇಲೆ ಎರಡು ಮನೆಗಳ ನಡುವೆ ಒಂಬತ್ತು ವರ್ಷದಿಂದ ಮಾತಿರಲಿಲ್ಲ.

"ಏನಪ್ಪಾ ಇದು, ಕಸಿಮಿರಾ ಗಂಡ ನನ್ನ ಹೊಸ್ತಿಲಿಗೆ! ಸೂರ್ಯ ಯಾವ ಕಡೆ ಹುಟ್ಟಿದಾನೆ ಇವತ್ತು?"

"ಸ್ವಲ್ಪ ಗಸಿ ಬೇಕಿತ್ತು, ಅಸುಂತಾ. ನಮ್ಮ ಗುಡಾಣ ಸೋಪಲ್ಲಿ ತೊಳೆದ್ಬಿಟ್ಟೆ."

"ಅಯ್ಯೋ ಪಾಪಿ!" ನಗಲು ಹೊರಟವಳು ಅವನ ಮುಖ ನೋಡಿ ಸುಮ್ಮನಾದಳು. ಒಳಗೆ ಹೋಗಿ ಒಂದು ಚೆಂಬಿನ ತುಂಬ ಗಸಿ ತಂದಳು. "ನನ್ನದು ಅಂತ ಅವಳಿಗೆ ಹೇಳ್ಬೇಡ. ಮುಟ್ಟಲ್ಲ."

ಕೆಟ್ಟ ಗಂಜಿಯನ್ನು ಚೆಲ್ಲಿ, ಉಳಿದ ಹಿಟ್ಟನ್ನು ಕುದಿಸಿದ. ಗುಡಾಣದ ಒಳಮೈಗೆಲ್ಲ ಗಸಿ ಸವರಿ, ಉಗುರುಬೆಚ್ಚಗಿನ ಗಂಜಿ ಹೊಯ್ದು, ಕಂಬಳಿ ಸುತ್ತಿದ. ಈ ಸಲ ಎಲ್ಲೂ ಕೈತಪ್ಪಲಿಲ್ಲ. ಎರಡನೆಯ ದಿನ ಒಳಗೆ ಗುಳುಗುಳು ಎದ್ದಿತು. ಮೂರನೆಯ ದಿನ ನೊರೆ ಬಾಯಿ ಮೀರಿ ಹರಿಯಿತು. ಗುಡಾಣವನ್ನು ಹಾಸಿಗೆಯ ಪಕ್ಕಕ್ಕೆ ಎಳೆದು ತಂದ. ಅವಳು ಅದರ ಹೊಟ್ಟೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಮಲಗಿದಳು.

ಅವನು ಒಂದು ಲೋಟ ತುಂಬಿ, ಭೂತಾಯಿಗೆಂದು ನಾಲ್ಕು ಹನಿ ನೆಲಕ್ಕೆ ಚೆಲ್ಲಿ, ಅವಳ ತಲೆಯೆತ್ತಿ ಕುಡಿಸಿದ. ಅವಳು ಮುಖ ಹಿಂಡಲಿ ಎಂದು ದೇವರನ್ನು ಬೇಡಿಕೊಂಡ. ಅವಳು ಎರಡು ಗುಟುಕು ಕುಡಿದು ತುಟಿ ನೆಕ್ಕಿದಳು.

"ಅಸುಂತಾ ಮನೆ ಗಸಿ."

ಅವನು ಲೋಟ ಹಿಂದಕ್ಕೆ ತೆಗೆದ.

"ಇರ್ಲಿ, ಚೆನ್ನಾಗಿದೆ. ನಿಂಗೆ ಬಂತು ಬಿಡು."

"ಇಲ್ಲ ಕಸಿ, ಸ್ವಲ್ಪ ತೆಳ್ಳಗಾಗಿದೆ. ಇನ್ನೊಂದೇ ಸಲ..."

"ಸಾಕು," ಅಂದಳು.

ಮರುದಿನ ಬೆಳಗ್ಗೆ, ಅವನು ಸೌದೆಗೆ ಹೋಗಿದ್ದಾಗ ತೀರಿಕೊಂಡಳು.

ಐದನೆಯ ದಿನ ಹೊಳೆಯ ಬಂಡೆಗಳ ಮೇಲೆಲ್ಲ ಅವಳ ಲಂಗಗಳು ಒಣಗುತ್ತಿದ್ದವು. ಅವನು ಲೋಟ ಲೋಟ ತುಂಬಿ ಕೊಡುತ್ತಿದ್ದ. ಕುಡಿದವರೆಲ್ಲ ಇದು ಅವಳದೇ ಕೈರುಚಿ ಎಂದು ಹೊಗಳಿ ಮತ್ತೆ ಲೋಟ ಚಾಚಿದರು. ಅಸುಂತಾ ಒಂದು ಲೋಟ ತಂದು ಅವನ ಕೈಗೆ ತುರುಕಿದಳು.

"ಮಾಡಿದೋನೇ ಕುಡಿದಿಲ್ಲ. ಹಿಡಿ."

ಅವನು ಕುಡಿದ. ಏನಾದರೂ ತಪ್ಪು ಸಿಕ್ಕೀತೇ ಎಂದು ನಾಲಗೆಯ ಮೇಲೆ ಹುಡುಕಿದ. ಒಂದೂ ಸಿಗಲಿಲ್ಲ. ಅಷ್ಟು ಜನರ ನಡುವೆ, ಲೋಟ ಹಿಡಿದುಕೊಂಡೇ, ಅವನು ಜೋರಾಗಿ ಅತ್ತ.