ಇಳಿಯದೆ ನಿಂತವನು

ಎಣ್ಣೆ ಗಿರಣಿಯ ದೊಡ್ಡ ಟ್ಯಾಂಕು ತೊಳೆಯುವ ಕೆಲಸ ಭಾವ, ಭಾಮೈದ ಇಬ್ಬರ ಪಾಲಿಗೆ ಬಂದಿತ್ತು. ಟ್ಯಾಂಕು ಬಹಳ ದಿನದಿಂದ ಮುಚ್ಚಿಯೇ ಇತ್ತು. ಒಳಗಿನ ಗಾಳಿ ಪರೀಕ್ಷಿಸುವವನು ಇನ್ನೂ ಬಂದಿರಲಿಲ್ಲ.

“ಅವನು ಬರ್ಲಿ ಭಾವ,” ಎಂದ ಭಾಮೈದ.

“ಅವನು ಬರೋ ಹೊತ್ತಿಗೆ ಅರ್ಧ ತೊಳೆದು ಮುಗಿಸಿರ್ತೀನಿ. ನಾನೇನು ಹೊಸಬನಾ?” ಎನ್ನುತ್ತಾ ಭಾವ ಮುಚ್ಚಳ ಸರಿಸಿ ಏಣಿ ಇಳಿದೇಬಿಟ್ಟ.

ತಳ ಮುಟ್ಟಿದವನು ಏನೋ ಹೇಳಲು ಬಾಯಿ ತೆರೆದ. ಮಾತು ಹೊರಡಲಿಲ್ಲ. ಮೊಣಕಾಲು ಮಡಚಿ ಜಿಡ್ಡಿನ ಮೇಲೆ ಕುಸಿದ.

“ಭಾವಾ!” ಭಾಮೈದನ ಕಾಲು ಆಗಲೇ ಏಣಿಯ ಮೇಲಿತ್ತು. ಪಕ್ಕದಲ್ಲಿ ಕ್ರೇನ್ ನಡೆಸುತ್ತಿದ್ದ ಹೆಂಗಸು ಓಡಿಬಂದು, ಕಾಲರ್ ಹಿಡಿದು ಅವನನ್ನು ಹಿಂದಕ್ಕೆಳೆದಳು.

“ಬಿಡಕ್ಕಾ! ನಮ್ಮಕ್ಕನ ಗಂಡ ಅವರು!”

“ನನ್ನ ಗಂಡನೂ ಹೀಗೇ ಜೊತೆಗಾರನ್ನ ಎತ್ತೋಕೆ ಇಳಿದಿದ್ದು. ಇಬ್ಬರೂ ಮೇಲೆ ಬರ್ಲಿಲ್ಲ. ಒಳಗೆ ಉಸಿರಾಡೋ ಗಾಳಿನೇ ಇಲ್ಲ ಕಣೋ! ಹೋಗು, ಗಾಳಿ ಊದೋ ಬ್ಲೋವರ್ ತಗೊಂಡು ಬಾ!”

ಅವನು ಓಡಿದ. ಅವಳು ಅಗ್ನಿಶಾಮಕದವರಿಗೆ ಫೋನ್ ಮಾಡಿದಳು. ಬ್ಲೋವರಿನ ಕೊಳವೆಯನ್ನು ಭಾವನ ಮುಖದ ಹತ್ತಿರಕ್ಕೆ ಇಳಿಬಿಟ್ಟು ಭಾಮೈದ ಗಟ್ಟಿಯಾಗಿ ಹಿಡಿದು ನಿಂತ. ಕಣ್ಣೆದುರೇ ಬಿದ್ದವರನ್ನು ನೋಡುತ್ತಾ ನಿಲ್ಲುವುದಕ್ಕಿಂತ ಧುಮುಕುವುದೇ ಸುಲಭ ಅನ್ನಿಸಿತು. ಆದರೂ ಜಾಗ ಬಿಟ್ಟು ಕದಲಲಿಲ್ಲ.

ಅಗ್ನಿಶಾಮಕದವರು ಬಂದರು. ಬೆನ್ನಿಗೆ ಗಾಳಿಯ ಸಿಲಿಂಡರ್, ಮುಖಕ್ಕೆ ಮಾಸ್ಕ್, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಬ್ಬ ಇಳಿದು, ಭಾವನನ್ನು ಇನ್ನೊಂದು ಹಗ್ಗಕ್ಕೆ ಬಿಗಿದ. ಎಲ್ಲರೂ ಸೇರಿ ಎಳೆದರು. ನೀಲಿಗಟ್ಟಿದ್ದ ಮುಖಕ್ಕೆ ಆಮ್ಲಜನಕ ಹಿಡಿದ ಮೇಲೆ ಭಾವ ಸಣ್ಣಗೆ ಕೆಮ್ಮಿದ. ಆ ಕೆಮ್ಮು ಕೇಳಿ ಭಾಮೈದ ನೆಲದ ಮೇಲೇ ಕೂತುಬಿಟ್ಟ.

ಆಸ್ಪತ್ರೆಯಲ್ಲಿ ಭಾವ ಎದ್ದು ಕೂರುವಷ್ಟಾದಾಗ ಹೆಂಡತಿ ಚೆನ್ನಾಗಿ ಝಾಡಿಸಿದಳು. ಬಯ್ಯುತ್ತಾ ಬಯ್ಯುತ್ತಾ ಅತ್ತಳು. ಭಾಮೈದ ತಲೆ ತಗ್ಗಿಸಿ, “ನಾನು ಮೇಲೇ ನಿಂತ್ಬಿಟ್ಟೆ ಭಾವ,” ಎಂದ.

“ನೀನು ನಿಂತಿದ್ದಕ್ಕೇ ಕಣೋ ನಾನು ಇಲ್ಲಿ ಕೂತು ಬೈಸ್ಕೋತಿರೋದು,” ಎಂದ ಭಾವ.

ಈಗ ಗಿರಣಿಯಲ್ಲಿ ಪ್ರತಿ ಟ್ಯಾಂಕಿನ ಬಾಯಿಗೂ ಬೀಗ. ಗಾಳಿ ಪರೀಕ್ಷಿಸುವವನೇ ಬಂದು ತೆಗೆಯಬೇಕು. ಹೊಸದಾಗಿ ಸೇರಿದವರಿಗೆ ತಾನು ಬಿದ್ದ ಕತೆಯನ್ನು ಭಾವನೇ ನಾಚಿಕೆ ಬಿಟ್ಟು ಹೇಳುತ್ತಾನೆ.

ಅವನು ಕೆಲಸಕ್ಕೆ ಮರಳಿದ ವಾರ ಕ್ರೇನಿನ ಅಕ್ಕ ಅವರ ಮನೆಗೆ ಊಟಕ್ಕೆ ಬಂದಳು. “ಸಾಕು ಕಣಮ್ಮಾ, ಆಮೇಲೆ ನನ್ನನ್ನೇ ಕ್ರೇನಲ್ಲಿ ಎತ್ತಬೇಕಾಗುತ್ತೆ!” ಎಂದು ಎಲ್ಲರನ್ನೂ ನಗಿಸಿದರೂ ಭಾವನ ಹೆಂಡತಿ ಬಡಿಸುವುದನ್ನು ನಿಲ್ಲಿಸಲಿಲ್ಲ.