ಎರಡನೆಯ ಡಿಸ್ಕ್

"ಈ ಸಲನೂ ಒಂದ ತೋರಸಾಕತ್ತೈತ್ರಿ ಮೇಡಂ," ಎಂದು ದುರ್ಗೇಶ್ ಪರದೆಯಿಂದ ಮುಖವೆತ್ತದೆಯೇ ಹೇಳಿದ. "ಎರಡನೇ ಡಿಸ್ಕ್ ಇಲ್ಲಂತೈತಿ."

ಪಂಪಾವತಿ ಫ್ಯಾನಿನ ಕೆಳಗೆ ನಿಂತು ನೋಡುತ್ತಿದ್ದರು. ಅವರ ಬಳ್ಳಾರಿಯ ಮನೆಯ ಹಿಂದಿನ ಕೋಣೆಯಲ್ಲಿ ಹಳೆಯ ಸರ್ವರ್ ಕಂಪ್ಯೂಟರ್ ಮುಚ್ಚಳ ಕಳಚಿಕೊಂಡು ಕುಳಿತಿತ್ತು. ಶಾಲೆಯಿಂದ ನಿವೃತ್ತರಾದ ಮೇಲೆ ಅವರು ವಿಡಿಯೊದಲ್ಲಿ ಹೇಳಿಕೊಟ್ಟ ಗಣಿತದ ಪಾಠಗಳೆಲ್ಲ ಅದರ ಎರಡನೆಯ ಡಿಸ್ಕಿನಲ್ಲಿದ್ದವು. ಸಿರುಗುಪ್ಪ, ತೆಕ್ಕಲಕೋಟೆ, ಕುರುಗೋಡುಗಳ ಹೆಣ್ಣುಮಕ್ಕಳು ಬಿಡಿಗಾಸಿನ ಖರ್ಚಿಲ್ಲದೆ ಅವನ್ನು ಫೋನಿನಲ್ಲಿ ನೋಡಿ ಕಲಿಯುತ್ತಿದ್ದರು. ಹತ್ತನೆಯ ತರಗತಿಯ ಪರೀಕ್ಷೆಗೆ ಇನ್ನೊಂದೇ ವಾರವಿತ್ತು.

ದುರ್ಗೇಶ್ ಕುರುಗೋಡಿನವನು, ಅವರ ಬಳಿಯೇ ಓದಿದವನು. ಈ ಯಂತ್ರವನ್ನು ಅಗ್ಗಕ್ಕೆ ಹುಡುಕಿ ತಂದವನೂ, ಅದರ ಪಾಸ್‌ವರ್ಡ್, ಪಾಠಗಳ ಇನ್ನೊಂದು ಪ್ರತಿ, ಎಲ್ಲವನ್ನೂ ಇಟ್ಟುಕೊಂಡವನೂ ಅವನೇ. ಆ ಪ್ರತಿ ಹೋದ ತಿಂಗಳು ಕೆಟ್ಟಿತೆಂದು ಅವನು ಹೇಳಿದಾಗ ಪಂಪಾವತಿ ಮರುಪ್ರಶ್ನೆ ಹಾಕಿರಲಿಲ್ಲ. ಶಿಷ್ಯನನ್ನು ಅನುಮಾನಿಸುವುದೆಂದರೆ ತಾನು ಕಲಿಸಿದ್ದನ್ನೇ ಅನುಮಾನಿಸಿದಂತೆ ಎಂದು ನಂಬಿದ್ದವರು ಅವರು.

ಅವನು ಕೇಬಲ್ ಬದಲಿಸಿದ. ಮೊದಲ ಡಿಸ್ಕಿನ ಜಾಗಕ್ಕೆ ಎರಡನೆಯದನ್ನು ಸಿಕ್ಕಿಸಿ ನೋಡಿದ. ಯಂತ್ರವನ್ನು ನಿಲ್ಲಿಸಿ, ಮತ್ತೆ ಚಾಲೂ ಮಾಡಿ, ನೀಲಿ ಪರದೆಯ ಸಾಲುಗಳನ್ನು ಒಂದೊಂದಾಗಿ ಓದಿದ. ಯಾವ ಹಂತವನ್ನೂ ಬಿಡದೆ ಲೆಕ್ಕ ಬಿಡಿಸುವ ಶಿಸ್ತು ಅವನ ಕೈಯಲ್ಲಿ ಇನ್ನೂ ಇತ್ತು.

"ಮುದಿ ಎತ್ತಿದು ಮೇಡಂ. ಎಷ್ಟಂತ ಬಾರಕೋಲು ತೋರಸ್ತೀರಿ?" ಎಂದು ನಕ್ಕ. "ಕೊಡ್ರಿ, ಗುಜರಿಗೆ ಹಾಕ್ತೀನಿ."

"ತಡಿಯಪ, ಸಾಯೋಕಿಂತ ಮದ್ಲ ಹೂಳಬ್ಯಾಡ," ಎಂದು ಪಂಪಾವತಿಯೂ ನಗುತ್ತಲೇ ಡಿಸ್ಕನ್ನು ಕೈಗೆತ್ತಿಕೊಂಡರು.

ಪ್ರತಿ ಆಯುಧಪೂಜೆಗೆ ಅವರು ಎರಡೂ ಡಿಸ್ಕುಗಳನ್ನು ಹೊರಗೆ ತೆಗೆಸಿ, ನೀರಿನಲ್ಲಿ ಕಲಸಿದ ಕುಂಕುಮದ ಬೊಟ್ಟಿಟ್ಟು, ದೀಪ ಬೆಳಗಿ, ಮತ್ತೆ ಒಳಗೆ ಕೂರಿಸುತ್ತಿದ್ದರು. ಮೇಜಿನ ಮೇಲಿದ್ದ ಮೊದಲ ಡಿಸ್ಕಿನ ಬೊಟ್ಟು ಯಂತ್ರದ ಬಿಸಿಗೆ ಬೆಂದು ಕಂದಾಗಿ, ಉಗುರಿಗೂ ಏಳದಂತೆ ಅಂಟಿತ್ತು. ಕೈಯಲ್ಲಿದ್ದುದರ ಬೊಟ್ಟು ಕೆಂಪಗಿತ್ತು. ಹೆಬ್ಬೆರಳಿನಿಂದ ಸವರಿದರು. ಬೆರಳೆಲ್ಲ ಕೆಂಪಾಯಿತು.

ನಿನ್ನೆ ಸಂಜೆ ಧೂಳು ಒರೆಸುವ ನೆಪದಲ್ಲಿ ಈ ಕೋಣೆಯಲ್ಲಿ ಒಬ್ಬನೇ ಕುಳಿತಿದ್ದವನು ದುರ್ಗೇಶ್. ಅವರ ಡಿಸ್ಕನ್ನು ಒಯ್ದು, ಆ ಜಾಗದಲ್ಲೊಂದು ಸತ್ತ ಡಿಸ್ಕನ್ನಿಟ್ಟದ್ದು ಕಳ್ಳತನ. ಆದರೆ ಹೆಣಕ್ಕೆ ಬಾಸಿಂಗ ಕಟ್ಟಿದಂತೆ ಅದಕ್ಕೆ ಕುಂಕುಮ ಇಟ್ಟದ್ದಕ್ಕೆ ಏನೆಂದು ಹೆಸರಿಡಬೇಕು?

"ಇದು ನಮ್ಮದಲ್ಲ," ಎಂದರು ಪಂಪಾವತಿ. "ನಮ್ಮದೆಲ್ಲೈತಿ, ದುರ್ಗೇಶಾ?"

ಅವನು ಅವರ ಬೆರಳನ್ನು ನೋಡಿದ. ಸ್ಕ್ರೂಡ್ರೈವರನ್ನು ಕೆಳಗಿಟ್ಟ.

"ಸಿರುಗುಪ್ಪದಾಗ್ರಿ. ಅಲ್ಲೊಂದು ಟ್ಯೂಷನ್ ಸೆಂಟರ್ ಹಾಕ್ಯಾರ. ನನ್ನ ಪಾಲುದಾರ ಮಾಡ್ಕೋತೀವಿ ಅಂದ್ರು... ಅಲ್ಲೀ ಹುಡುಗ್ರೂ ಓದ್ತಾರಲ್ರಿ ಮೇಡಂ."

"ಕೇಳಿದ್ರ ನಾನ ನಕಲು ಮಾಡಿ ಕೊಡ್ತಿದ್ದಿಲ್ಲೇನು? ನಂದ್ಯಾಕ ಒಯ್ದಿ?"

ಅವನು ಕಳಚಿಟ್ಟ ಸ್ಕ್ರೂಗಳನ್ನು ಒಂದೊಂದಾಗಿ ಸಾಲಾಗಿ ಜೋಡಿಸಿದ.

"ನಿಮ್ಮತ್ರ ಪುಕ್ಕಟೆ ಸಿಕ್ರ, ಅಲ್ಲಿ ಫೀಸ್ ಕೊಟ್ಟು ಯಾರು ಬರ್ತಾರ್ರಿ?"

ಲೆಕ್ಕದ ಪ್ರಕಾರ ಉತ್ತರದಲ್ಲಿ ತಪ್ಪಿರಲಿಲ್ಲ. ಅದೇ ಅವರನ್ನು ಸುಟ್ಟಿತು.

ಮೇಜಿನ ಮೇಲೆ ಫೋನು ಗುಂಯ್‌ಗುಟ್ಟಿತು. ತೆಕ್ಕಲಕೋಟೆಯ ಐಶ್ವರ್ಯ. ಪಾಠ ತೆರೆಯುತ್ತಿಲ್ಲವೆಂದು ಆ ಹುಡುಗಿ ಬೆಳಗಿನಿಂದ ಕರೆಯುತ್ತಲೇ ಇದ್ದಳು. 'ನಿಮ್ಮ ದುರ್ಗೇಶಣ್ಣ ಬಂದಾನವ್ವಾ, ಇನ್ನೇನು ಸರಿ ಆಗ್ತೈತಿ' ಎಂದು ಪಂಪಾವತಿಯೇ ಅವಳಿಗೆ ಮಾತು ಕೊಟ್ಟಿದ್ದರು.

"ನೀನ ಹೇಳಪ," ಎಂದು ಫೋನನ್ನು ಅವನತ್ತ ಸರಿಸಿದರು.

ದುರ್ಗೇಶ್ ಕೈಗಳೆರಡನ್ನೂ ತೊಡೆಗಳ ಕೆಳಗೆ ಸೇರಿಸಿಕೊಂಡ. ಫೋನು ನಡುಗುತ್ತ, ಮೇಜಿನ ಮೇಲೆ ಕೂದಲೆಳೆಯಷ್ಟಷ್ಟೇ ಜರುಗುತ್ತ, ಅವನ ಕಡೆಗೆ ಬರುತ್ತಿತ್ತು.